ತಲೆಗೊಂದು ಅಕ್ಷರ

ಗುಬ್ಬಿಗೆ ಆ ಹೆಸರು ಇಟ್ಟವರು ಶಾಲೆಯ ಹೆಡ್‌ಮಿಸ್ಸು. ಒಂದು ದಿನ ಅವಳ ಕಾಪಿ ಪುಸ್ತಕವನ್ನು ಮೂಗಿನ ತುದಿಗೆ ತಂದು, ಮತ್ತೆ ದೂರ ಹಿಡಿದು, ಕೊನೆಗೆ ತಲೆಕೆಳಗು ಮಾಡಿಯೂ ನೋಡಿ, “ಕಾಗೆ ಕಾಲು ಗುಬ್ಬಿ ಕಾಲು ಅಂತ ಬರೀ ಕೇಳಿದ್ದೆ ಕಣೇ, ಇವತ್ತು ಕಣ್ಣಾರೆ ಕಂಡೆ” ಎಂದರು. ತರಗತಿ ಗೊಳ್ಳೆಂದಿತು. ಕಾಗೆ ಎಂದರೆ ಹುಡುಗಿ ಬೇಜಾರು ಮಾಡಿಕೊಂಡಾಳೆಂದು ಗೆಳತಿಯರು ಕನಿಕರಪಟ್ಟು ಗುಬ್ಬಿಯನ್ನು ಆರಿಸಿಕೊಂಡರು. ಹೆಸರು ಅಂಟಿತು. ಮನೆಯಲ್ಲಿ ಅಮ್ಮನೂ ಹಾಗೇ ಕರೆಯತೊಡಗಿದ ಮೇಲೆ ಅಸಲು ಹೆಸರು ಸರ್ಟಿಫಿಕೇಟಿನಲ್ಲಿ ಮಾತ್ರ ಉಳಿಯಿತು.

ವಿಚಿತ್ರವೆಂದರೆ ಈ ಗುಬ್ಬಿಗೆ ಅಕ್ಷರವೆಂದರೆ ಪ್ರಾಣ. ಔಷಧಿ ಬಾಟಲಿಯ ಚೀಟಿ, ಬಸ್ಸಿನ ಹಣೆ, ಗೋಡೆಯ ಮೇಲೆ ಅರ್ಧ ಹರಿದ ಪೋಸ್ಟರು, ಎಲ್ಲಿ ಕಂಡರೂ ನಿಂತು ನೋಡುವಳು. ‘ಅ’ ಎಷ್ಟು ತೃಪ್ತಿಯಾಗಿ ಚಕ್ಕಳಮಕ್ಕಳ ಹಾಕಿ ಕೂತಿದೆ, ‘ಲ’ ಹೇಗೆ ತನ್ನೊಳಗೇ ಸುತ್ತಿಕೊಂಡಿದೆ ಎಂದು ಪಕ್ಕದವರಿಗೆ ತೋರಿಸುವಳು. ಕಣ್ಣಿಗೆ ಗೊತ್ತಿದ್ದದ್ದು ಕೈಗೆ ಮಾತ್ರ ಗೊತ್ತಿರಲಿಲ್ಲ. ಪೆನ್ನು ಹಿಡಿದರೆ ಸಾಕು, ಕೈ ಹಗ್ಗ ಬಿಚ್ಚಿದ ಕರುವಿನ ಹಾಗೆ ದಿಕ್ಕಾಪಾಲಾಗಿ ಓಡುತ್ತಿತ್ತು.

ಅದಕ್ಕೇ ಅವಳು ಗ್ರಾಫಿಕ್ ಡಿಸೈನ್ ಕಾಲೇಜು ಸೇರಿದ್ದು. ಕಂಪ್ಯೂಟರಿನಲ್ಲಿ ದುಂಡಗಿನ, ಚೂಪಗಿನ, ದಪ್ಪನೆಯ, ತೆಳ್ಳನೆಯ ಅಕ್ಷರಗಳೆಲ್ಲ ಸಿದ್ಧವಾಗಿ ಕೂತಿರುತ್ತವೆ. ಬೆರಳು ಒತ್ತಿದರೆ ಓಡಿ ಬರುತ್ತವೆ. ಇನ್ನು ಕೈಬರಹದ ಗೊಡವೆ ತಪ್ಪಿತಲ್ಲ ಎಂದು ಮೊದಲ ವರ್ಷ ನಿಶ್ಚಿಂತೆಯಿಂದ ಕಳೆದಳು. ಎರಡನೆಯ ವರ್ಷದ ಮೊದಲ ತರಗತಿಗೆ ಮೇಡಂ ಬಂದರು. ಬಂದವರೇ ಗೋಡೆಯ ಸ್ವಿಚ್ಚು ಒತ್ತಿ ಎಲ್ಲ ಕಂಪ್ಯೂಟರುಗಳನ್ನೂ ಒಟ್ಟಿಗೇ ಆರಿಸಿಬಿಟ್ಟರು.

“ಈ ಟರ್ಮು ಮುಗಿಯೋವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ. ಒಬ್ಬೊಬ್ಬರೂ ಒಂದು ಅಕ್ಷರಮಾಲೆ ಮಾಡ್ಕೊಂಡು ಬನ್ನಿ. ಕೈಯಲ್ಲೇ ಮಾಡಬೇಕು. ಪೆನ್ನೇ ಆಗಬೇಕು ಅಂತಿಲ್ಲ. ಯಾವುದರಲ್ಲಾದ್ರೂ ಮಾಡಿ, ಆದರೆ ಅದು ನಿಮ್ಮದೇ ಅಂತ ನನಗೆ ಗೊತ್ತಾಗಬೇಕು.”

ಯಾವುದನ್ನು ತಪ್ಪಿಸಿಕೊಳ್ಳಲು ಗುಬ್ಬಿ ಇಷ್ಟು ದೂರ ಬಂದಿದ್ದಳೋ ಅದೇ ಮುಂಬಾಗಿಲಲ್ಲಿ ಕಾಲು ಚಾಚಿ ಕೂತಿತ್ತು.

ಬ್ರಷ್ಷಿನಲ್ಲಿ ಬರೆದಳು, ಅಕ್ಷರಗಳಿಗೆ ನೆಗಡಿಯಾದಂತೆ ಎಲ್ಲ ಕಡೆ ಸೋರಿದವು. ಆಲೂಗಡ್ಡೆಯನ್ನು ಕೆತ್ತಿ ಅಚ್ಚು ಒತ್ತಿದಳು. ಕೆತ್ತುವಾಗ ಎಡ ಬಲ ತಿರುವಿ ಕೆತ್ತಬೇಕೆಂಬುದು ಮರೆತುಹೋಗಿ ಇಡೀ ಅಕ್ಷರಮಾಲೆ ಅವಳಿಗೆ ಬೆನ್ನು ತಿರುಗಿಸಿ ನಿಂತಿತು. ಟೂತ್‌ಪೇಸ್ಟಿನಲ್ಲಿ ಬರೆದ ‘ಕ’ ಚೆನ್ನಾಗಿಯೇ ಬಂದಿತ್ತು. ಅಷ್ಟರಲ್ಲಿ ಮಾವ ಅವಸರದಲ್ಲಿ ಅದನ್ನೇ ಬ್ರಷ್ಷಿಗೆ ಬಳಿದುಕೊಂಡು ಹಲ್ಲುಜ್ಜಿಬಿಟ್ಟ.

ಮಾವ ಎಂದರೆ ಅಮ್ಮನ ತಮ್ಮ. ಲಿಫ್ಟ್ ರಿಪೇರಿ ಮಾಡುವ ಕೆಲಸ. ತಲೆ ನುಣ್ಣಗೆ ಬೋಳು, ಅದರ ಲೆಕ್ಕ ತೀರಿಸುವಂತೆ ಮೂಗಿನ ಕೆಳಗೆ ಪೊದೆಯಂಥ ಮೀಸೆ. ಅಮ್ಮನದು ಕೂದಲು ಕತ್ತರಿಸುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಕ್ಕನ ಕಸುಬಿಗೇ ಅವಮಾನವಾಗುವಂಥ ತಲೆ ಹೊತ್ತು ಅವನು ದಿನವೂ ಆ ಅಂಗಡಿಯನ್ನು ಹಾದು ಕೆಲಸಕ್ಕೆ ಹೋಗುತ್ತಿದ್ದ.

ಒಂದು ಭಾನುವಾರ ಗಿರಾಕಿಗಳು ಹೆಚ್ಚಿದ್ದರಿಂದ ಅಮ್ಮ ಗುಬ್ಬಿಯನ್ನು ಕೆಳಗೆ ಕರೆದಳು. ಪೋಸ್ಟಿನವಳ ತಲೆ ತೊಳೆಯುವ ಕೆಲಸ ಬಿತ್ತು. ಕಾಗದ ಹಂಚಲು ಬರುವ ಈ ಹೆಂಗಸಿನದು ಗುಂಗುರು ಕೂದಲು. ತೊಳೆದು ಎಬ್ಬಿಸಿ ನೋಡಿದರೆ ಬಿಳಿಯ ಬೇಸಿನ್ನಿನ ಗೋಡೆಗೆ ಒಂದು ಎಳೆ ಅಂಟಿಕೊಂಡಿತ್ತು. ಒಂದು ಸುತ್ತು ಸುತ್ತಿ, ಬಳುಕಿ, ಮೇಲಕ್ಕೆ ಹೋಗಿ ಮತ್ತೆ ಬಾಗಿತ್ತು. ಗುಬ್ಬಿ ಬಗ್ಗಿದಳು. ಕತ್ತು ಓರೆ ಮಾಡಿದಳು.

“ಅಮ್ಮಾ! ‘ಎ’ ಬಂದಿದೆ!”

“ಯಾರು ಬಂದ್ರು?”

“ಎ! ಎ ಅಕ್ಷರ! ಇಲ್ಲಿ, ಬೇಸಿನ್‌ನಲ್ಲಿ!”

ಅಮ್ಮ ಕತ್ತರಿ ಹಿಡಿದೇ ಬಂದು ನೋಡಿದಳು. “ಅಯ್ಯೋ, ಮೊದಲು ನೀರು ಹಾಕೇ, ಅಸಹ್ಯ” ಎಂದಳು. ಆದರೆ ಅವಳೂ ನೀರು ಹಾಕಲಿಲ್ಲ. ಪೋಸ್ಟಿನವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದು ಇಣುಕಿ, “ನನ್ನ ಕೂದಲಿಗೆ ಇಷ್ಟು ವಿದ್ಯೆ ಇತ್ತಾ!” ಎಂದು ಬಾಯಿಯ ಮೇಲೆ ಬೆರಳಿಟ್ಟಳು.

ಅಂದಿನಿಂದ ಗುಬ್ಬಿಯ ತಲೆಗೆ ಕೂದಲು ಏರಿತು. ಮಾವ ಕೆಲಸದ ಕಟ್ಟಡಗಳಲ್ಲಿ ಕೇಳಿ, ಮಿಕ್ಕಿದ್ದ ಬಿಳಿ ಟೈಲ್ಸುಗಳನ್ನು ತಂದುಕೊಟ್ಟ. ಒದ್ದೆ ಕೂದಲಿನ ಕುಚ್ಚನ್ನು ಟೈಲ್ಸಿನ ಮೇಲೆ ಇಟ್ಟು, ತಲೆಗೆ ಹಚ್ಚುವ ಜೆಲ್ ಸವರಿ, ಬಾಚಣಿಗೆಯ ಚೂಪು ಬಾಲದಿಂದ ಮೆಲ್ಲಗೆ ತಿದ್ದುವುದು. ಪೆನ್ನು ಹಿಡಿದಾಗ ಹುಚ್ಚೆದ್ದು ಓಡುತ್ತಿದ್ದ ಕೈ ಇಲ್ಲಿ ಓಡಲಿಲ್ಲ. ಕೂದಲು ಓಡಲು ಬಿಡುವುದಿಲ್ಲ. ಎಳೆದರೆ ಜಾರುತ್ತದೆ, ಒತ್ತಿದರೆ ಮುನಿಯುತ್ತದೆ. ಅದಕ್ಕೆ ಹೋಗಬೇಕೆನಿಸಿದ ಕಡೆಗೇ ಸ್ವಲ್ಪ ಪುಸಲಾಯಿಸಿ ಕರೆದೊಯ್ಯಬೇಕು. ಗುಬ್ಬಿ ನಾಲಗೆ ಹೊರಗೆ ಹಾಕಿ, ಉಸಿರು ಹಿಡಿದು, ಪುಸಲಾಯಿಸಿದಳು.

ಮೊದಲ ‘ಅ’ ಅದ್ಭುತವಾಗಿ ಬಂತು. ಸಂತೋಷ ತಡೆಯಲಾರದೆ ಟೈಲ್ಸನ್ನು ಗೋಡೆಗೆ ಒರಗಿಸಿಟ್ಟು ಮಲಗಿದಳು. ಬೆಳಿಗ್ಗೆ ನೋಡಿದರೆ ಜೆಲ್ ಸಮೇತ ಅಕ್ಷರ ಕೆಳಗಿಳಿದು ಟೈಲ್ಸಿಗೆ ಗಡ್ಡ ಬಂದಿತ್ತು. ಜೆಲ್ ಕಮ್ಮಿ ಮಾಡಿದಳು, ಒಣಗುವವರೆಗೂ ಮಲಗಿಸಿಯೇ ಇಟ್ಟಳು, ಮೇಲೆ ಸ್ಪ್ರೇ ಹೊಡೆದಳು. ಆಮೇಲೆ ಯಾವ ಅಕ್ಷರವೂ ಕದಲಲಿಲ್ಲ.

ಪ್ರತಿ ತಲೆಯದೂ ಒಂದೊಂದು ಸ್ವಭಾವ ಎಂದು ಗೊತ್ತಾಗುತ್ತಾ ಹೋಯಿತು. ಗುಂಗುರು ಕೂದಲು ತಾನಾಗಿಯೇ ‘ಒ’ ಆಗುತ್ತಿತ್ತು. ನೆಟ್ಟಗಿನ ಕೂದಲಿಗೆ ಎಷ್ಟು ಬುದ್ಧಿ ಹೇಳಿದರೂ ಬಾಗುತ್ತಿರಲಿಲ್ಲ. ಅದನ್ನು ಅಕ್ಷರದ ನೆತ್ತಿಯ ಮೇಲಿನ ತಲೆಕಟ್ಟಿಗೆ ಇಟ್ಟುಕೊಂಡಳು. ಹಾಲುಗಲ್ಲದ ಕೂಸೊಂದರ ರೇಷ್ಮೆ ಎಳೆಗಳು ಒತ್ತಕ್ಷರಕ್ಕೆಂದೇ ಹುಟ್ಟಿದಂತಿದ್ದವು. ಒಂದು ಅಕ್ಷರಕ್ಕೆ ಒಂದು ತಲೆ ಎಂದು ಗುಬ್ಬಿ ತೀರ್ಮಾನಿಸಿದಳು.

ಸುದ್ದಿ ಬೀದಿಗೆ ಬಿತ್ತು. ಗಿರಾಕಿಗಳು ಕುರ್ಚಿಯಲ್ಲಿ ಕೂರುವ ಮೊದಲೇ, “ನನಗೆ ಯಾವ ಅಕ್ಷರ ಉಳಿದಿದೆ?” ಎಂದು ಕೇಳತೊಡಗಿದರು. ‘ಮ’ಗೆ ಇಬ್ಬರು ಅಕ್ಕತಂಗಿಯರು ಜಗಳವಾಡಿ, ತಂಗಿ ಕೊನೆಗೆ ‘ನ’ಗೆ ಒಪ್ಪಿಕೊಂಡಳು. ಹೋದ ವಾರವಷ್ಟೇ ಕತ್ತರಿಸಿಕೊಂಡಿದ್ದ ಒಬ್ಬಾತ, “ಬರೀ ಅಕ್ಷರಕ್ಕೆ ಬೇಕಾಗುವಷ್ಟು” ಎಂದು ಮತ್ತೆ ಬಂದ. ಅಮ್ಮನಿಗೆ ಒಂದೇ ಚಿಂತೆ: “ಊಟದ ಮೇಜಿನ ಮೇಲೆ ಮಾತ್ರ ಇಡಬೇಡ. ನನ್ನ ಅಡುಗೆಯಲ್ಲಿ ಕೂದಲು ಸಿಕ್ಕರೆ ‘ಕ’ ಸಿಕ್ತು ಅಂತೀಯ ನೀನು.”

ಒಂದು ಸಂಜೆ ಹೆಡ್‌ಮಿಸ್ಸು ಬಂದರು. ನಿವೃತ್ತಿಯಾಗಿತ್ತು, ಕೂದಲು ಬೆಳ್ಳಿಯಾಗಿತ್ತು, ಧ್ವನಿ ಮಾತ್ರ ಹಾಗೇ ಇತ್ತು. ಗುಬ್ಬಿ ಅವರ ಸೀರೆಯ ಸುತ್ತ ಬಟ್ಟೆ ಕಟ್ಟುತ್ತಾ, ಧೈರ್ಯ ಮಾಡಿ ಕೇಳಿದಳು: “ಮಿಸ್, ನಿಮ್ಮ ಕೂದಲು ಒಂದು ಕುಚ್ಚು ಬೇಕಿತ್ತು.”

“ನಿನ್ನ ಅಕ್ಷರ ಓದಿ ಓದಿ ಕಣ್ಣು ಹೋಯ್ತು. ಈಗ ಕೂದಲೂ ಬೇಕಾ?”

“ಅಕ್ಷರ ಬರೆಯೋಕೇ ಮಿಸ್.”

ಹೆಡ್‌ಮಿಸ್ಸು ಕನ್ನಡಿಯಲ್ಲೇ ಅವಳನ್ನು ದಿಟ್ಟಿಸಿದರು. ಮಾಡಿಟ್ಟ ಟೈಲ್ಸುಗಳನ್ನು ತರಿಸಿಕೊಂಡು, ಒಂದೊಂದನ್ನೂ ಮೂಗಿನ ತುದಿಗೆ ತಂದು, ದೂರ ಹಿಡಿದು ನೋಡಿದರು. ಗುಬ್ಬಿಗೆ ಮತ್ತೆ ಮೂರನೇ ಕ್ಲಾಸಿನ ಬೆಂಚಿನ ಮೇಲೆ ಕೂತಂತಾಯಿತು. ಕೊನೆಗೆ ಅವರು ಗಂಟಲು ಸರಿಮಾಡಿಕೊಂಡು, “‘ಜ್ಞ’ ಯಾರಿಗಾದ್ರೂ ಕೊಟ್ಟುಬಿಟ್ಟಿದೀಯಾ?” ಎಂದರು.

“ಇಲ್ಲ ಮಿಸ್.”

“ಹಾಗಾದ್ರೆ ಅದು ನಂದು. ಬೇರೆಯವರಿಗೆ ಕೊಟ್ಟರೆ ಕೆಡಿಸ್ತಾರೆ.”

ಬೆಳ್ಳಿಯ ಕೂದಲು ಬಿಳಿ ಟೈಲ್ಸಿನ ಮೇಲೆ ಕಾಣುವುದಿಲ್ಲವೆಂದು ಮಾವ ಹುಡುಕಿ ಕರಿಯ ಟೈಲ್ಸು ತಂದ. ‘ಜ್ಞ’ ಒಂದೇ ಕತ್ತಲಲ್ಲಿ ಮಿಂಚಿನಂತೆ ಹೊಳೆಯಿತು.

ಮಾವ ಮಾತ್ರ ದಿನದಿನಕ್ಕೆ ಮಂಕಾದ. ಟೈಲ್ಸು ಹೊತ್ತವನು ಅವನು, ಹುಡುಕಿದವನು ಅವನು, ಅಕ್ಷರಮಾಲೆಯಲ್ಲಿ ಅವನಿಗೇ ಜಾಗವಿಲ್ಲ. ಊಟಕ್ಕೆ ಕೂತಾಗ ಬೋಳು ತಲೆ ನೀವಿಕೊಂಡು, “ದೇವರು ಕೊಡುವಾಗ ಯೋಚನೆ ಮಾಡಬೇಕಿತ್ತು” ಎಂದ. ಗುಬ್ಬಿ ತುತ್ತು ಕೈಯಲ್ಲೇ ಹಿಡಿದು ಅವನ ಮೀಸೆಯನ್ನೇ ನೋಡಿದಳು. ಅವಳು ನೋಡುವುದನ್ನು ಮಾವ ನೋಡಿದ. ಮೀಸೆಯ ಮೇಲೆ ಕೈ ಅಡ್ಡ ಇಟ್ಟುಕೊಂಡ.

“ಬೇಡ ಕಣೇ. ಎಂಥೆಂಥ ಕಷ್ಟ ಬಂದರೂ ಇದು ಮಣ್ಣಾಗೋಕೆ ಬಿಟ್ಟಿಲ್ಲ ನಾನು.”

“ತುದಿ ಮಾತ್ರ ಮಾವಾ. ಸೊನ್ನೆ ಬಾಕಿ ಇದೆ.”

“ಸೊನ್ನೆನಾ? ಎಲ್ಲರಿಗೂ ಅಕ್ಷರ, ನನಗೆ ಸೊನ್ನೆ?”

ಅಮ್ಮನಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಮಾವ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಬೆಳಿಗ್ಗೆ ತಾನಾಗಿಯೇ ಕುರ್ಚಿಯಲ್ಲಿ ಬಂದು ಕೂತು, ಕಣ್ಣು ಮುಚ್ಚಿ, “ಬೇಗ ಮುಗಿಸಿಬಿಡಿ” ಎಂದ. ಆ ಸೊನ್ನೆ ಪುಟ್ಟದಾಗಿ, ಒತ್ತಾಗಿ, ಸೊಕ್ಕಿನಿಂದ ಹೊಳೆಯುತ್ತಿತ್ತು.

ಒಪ್ಪಿಸುವ ದಿನ ಕಾಲೇಜಿನ ಉದ್ದನೆಯ ಹಜಾರದಲ್ಲಿ ಎಲ್ಲರೂ ತಮ್ಮ ತಮ್ಮ ಅಕ್ಷರಗಳನ್ನು ಜೋಡಿಸಿದ್ದರು. ಗುಬ್ಬಿಯ ಮೇಜಿನ ಮುಂದೆ ಮೇಡಂ ಬಂದು ನಿಂತರು, ಬಗ್ಗಿದರು, “ಇದು ದಾರವಾ?” ಎಂದರು.

“ಕೂದಲು ಮೇಡಂ.”

ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಮತ್ತೆ ಮೂರು ಹೆಜ್ಜೆ ಮುಂದೆ ಬಂದರು. “ಯಾರ ಕೂದಲು?”

ಗುಬ್ಬಿ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಗದ್ದಲ ಕೇಳಿಸಿತು. ಅಂಗಡಿಗೆ ಬೀಗ ಹಾಕಿ ಅಮ್ಮ ಮುಂದೆ, ಹಿಂದೆ ಪೋಸ್ಟಿನವಳು, ಅಕ್ಕತಂಗಿಯರು, ಕಂಕುಳಲ್ಲಿ ಕೂಸು ಹೊತ್ತ ತಾಯಿ, ಕೋಲೂರಿಕೊಂಡ ಹೆಡ್‌ಮಿಸ್ಸು, ಕೊನೆಯಲ್ಲಿ ಸಣ್ಣಗಾದ ಮೀಸೆಯ ಮಾವ. ತಮ್ಮ ಅಕ್ಷರ ಎಲ್ಲಿ ಕೂತಿದೆ ನೋಡಬೇಕೆಂದು ಯಾರೂ ಕರೆಯದೆ ಬೀದಿಗೆ ಬೀದಿಯೇ ಬಂದಿತ್ತು. ಕಾವಲುಗಾರ ಹಿಂದಿನಿಂದ “ಪಾಸು, ಪಾಸು” ಎನ್ನುತ್ತಾ ಓಡಿಬರುತ್ತಿದ್ದ.

“ಇವರದ್ದು ಮೇಡಂ” ಎಂದಳು ಗುಬ್ಬಿ.

ಪೋಸ್ಟಿನವಳು ನೇರವಾಗಿ ಹೋಗಿ ತನ್ನ ‘ಎ’ಯನ್ನು ಎತ್ತಿ ಎದೆಗೆ ಹಿಡಿದುಕೊಂಡಳು. ಅಷ್ಟೇ ಸಾಕಾಯಿತು. ಎಲ್ಲರೂ ತಮ್ಮದನ್ನು ಹುಡುಕಿ ಎತ್ತಿಕೊಂಡರು. ‘ಮ’ ಹಿಡಿದ ಅಕ್ಕನ ಪಕ್ಕಕ್ಕೆ ‘ರ’ ಹಿಡಿದ ಹಣ್ಣಿನ ಅಂಗಡಿಯವನು ನಿಂತದ್ದನ್ನು ಕಂಡು ಯಾರೋ, “ಮರ!” ಎಂದು ಕೂಗಿದರು. ತಂಗಿ ‘ನ’ ಹಿಡಿದು ‘ಗ’ದವನನ್ನು ತೋಳು ಹಿಡಿದು ಎಳೆದಳು. “ನಗ! ನಾನು ನಗ ಆದೆ!” ಅವಳು ಹಾಗೆನ್ನುವಷ್ಟರಲ್ಲಿ ‘ಮ’ದ ಅಕ್ಕ ಮರ ಬಿಟ್ಟು ಬಂದು ‘ಗ’ವನ್ನು ಕಸಿದುಕೊಂಡು, “ಮಾವಾ, ಬೇಗ ಬಾ, ನಡುವೆ ನಿಲ್ಲು!” ಎಂದಳು. ಮಾವ ಸೊನ್ನೆ ಹಿಡಿದು ನಡುವೆ ನಿಂತ.

“ಮಂಗ!” ಎಂದು ಹಜಾರವೇ ಕೂಗಿತು.

ಆಮೇಲೆ ಮಾವನಿಗೆ ನಿಲ್ಲಲು ಪುರಸೊತ್ತಿಲ್ಲ. “ಕಂಬಕ್ಕೆ ಬಾ!” “ಹಂಸಕ್ಕೆ ಬೇಕು, ಈ ಕಡೆ!” ಒಂದು ತುದಿಯಲ್ಲಿ ‘ಅಂದ’, ಇನ್ನೊಂದು ತುದಿಯಲ್ಲಿ ‘ಚಂದ’ ಬರೆಯಲು ಹೊರಟವರು ಸೊನ್ನೆಯನ್ನೂ ‘ದ’ವನ್ನೂ ಹಂಚಿಕೊಳ್ಳಬೇಕಾಗಿ ಬಂದು, ಮಾವನೂ ‘ದ’ ಹಿಡಿದ ದಪ್ಪನೆಯ ಬ್ಯಾಂಕಿನವರೂ ಹಜಾರದ ಉದ್ದಕ್ಕೂ ಜೊತೆಜೊತೆಯಾಗಿ ಓಡಿದರು, ಮತ್ತೆ ಹಿಂದಕ್ಕೆ ಓಡಿದರು. ಸೊನ್ನೆಯಿಲ್ಲದೆ ಯಾರ ಮಾತೂ ಮುಗಿಯುತ್ತಿರಲಿಲ್ಲ. ಬೆವರಿನಿಂದ ತಲೆ ಹೊಳೆಯುತ್ತಿದ್ದ ಮಾವ ಏದುಸಿರು ಬಿಡುತ್ತಾ, “ಸರದಿ ಪ್ರಕಾರ! ಎಲ್ಲರಿಗೂ ಬರ್ತೀನಿ, ಸರದಿ ಪ್ರಕಾರ!” ಎಂದು ಮಂತ್ರಿಯ ಹಾಗೆ ಕೈ ಎತ್ತಿದ. ಬೇರೆ ವಿದ್ಯಾರ್ಥಿಗಳೂ ತಮ್ಮ ಮೇಜು ಬಿಟ್ಟು ಬಂದು ಪದ ಕೂಗಿ ಕೊಡತೊಡಗಿದರು. ‘ಜ್ಞ’ ಹಿಡಿದ ಹೆಡ್‌ಮಿಸ್ಸು ಮಾತ್ರ ಯಾರ ಜೊತೆಯೂ ಸೇರದೆ, ಎಲ್ಲರ ಕಾಗುಣಿತ ತಿದ್ದುತ್ತಾ ನಡುವೆ ನಿಂತಿದ್ದರು.

ಗುಬ್ಬಿ ಕಂಬಕ್ಕೆ ಒರಗಿ ಹೊಟ್ಟೆ ಹಿಡಿದು ನಗುತ್ತಿದ್ದಳು. ನಗುತ್ತಾ ನಗುತ್ತಾ ಕಣ್ಣು ಮಂಜಾಯಿತು. ಅಕ್ಷರಗಳು ಓಡಾಡುತ್ತಿದ್ದವು, ಬೆವರುತ್ತಿದ್ದವು, ಒಂದನ್ನೊಂದು ಬೈಯುತ್ತಿದ್ದವು. ಇಷ್ಟನ್ನೂ ತನ್ನ ಕೈ ಮಾಡಿತೆಂದು ನಂಬಲಾಗದೆ ಅವಳು ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ನಿನ್ನದೇ ಅಂತ ಗೊತ್ತಾಗಬೇಕು ಅಂದಿದ್ದೆ. ನೀನು ಇಡೀ ಬೀದಿ ತಂದಿದೀಯಲ್ಲೇ” ಎಂದರು. ಆಮೇಲೆ ಮೇಡಂ ಮೇಡಮ್ಮೇ ಆದರು. ಒಂದೊಂದು ಟೈಲ್ಸನ್ನೂ ಪರಿಶೀಲಿಸಿ, ‘ಳ’ದ ಸುರುಳಿ ಬಹಳ ಚೆನ್ನಾಗಿದೆಯೆಂದು ಮೆಚ್ಚಿ, ‘ಠ’ದ ಮುಂದೆ ನಿಂತು ತಲೆಯಾಡಿಸಿದರು. “ಇದು ಠ ಅಲ್ಲ, ಬಾಯಿ ಒಡೆದ ಬಟ್ಟಲು. ದುಂಡಗೆ ಬರಬೇಕು. ಮತ್ತೆ ಮಾಡ್ಕೊಂಡು ಬಾ. ಉಳಿದದ್ದನ್ನ ನಾನು ಇಲ್ಲೇ ಗೋಡೆಗೆ ಹಾಕಿಸ್ತೀನಿ.”

ಅಮ್ಮ ಈ ಹೊತ್ತಿಗೆ ಮೇಡಂ ಹಿಂದೆ ನಿಂತು ಅವರ ಜಡೆಯ ತುದಿಯನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು. “ಮೇಡಂ, ತುದಿ ಎಲ್ಲಾ ಸೀಳಿದೆ. ಒಂದು ಸಲ ಅಂಗಡಿಗೆ ಬನ್ನಿ” ಎಂದಳು. ಗುಬ್ಬಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಮೇಡಂ ತಣ್ಣಗೆ, “ಯಾವ ಅಕ್ಷರ ಖಾಲಿ ಇದೆ?” ಎಂದರು.

ಸಂಜೆ ಎಲ್ಲರೂ ಒಂದೇ ಬಸ್ಸು ಹತ್ತಿದರು. ಬಸ್ಸು ತುಂಬ ಅವರದೇ ಗಲಾಟೆ. ಮಾವ ಕಾಲು ನೀವಿಕೊಳ್ಳುತ್ತಾ, ಇವತ್ತು ತಾನೆಷ್ಟು ಪದಗಳಲ್ಲಿ ನಿಂತೆ ಎಂದು ಕಂಡಕ್ಟರಿಗೆ ವರ್ಣಿಸುತ್ತಿದ್ದ. ಗುಬ್ಬಿಯ ತೊಡೆಯ ಮೇಲೆ ‘ಠ’ ಒಂದೇ ಉಳಿದಿತ್ತು. ಅವಳು ಅದನ್ನು ನೋಡಿದಳು, ತಲೆ ಎತ್ತಿದಳು. ಮುಂದಿನ ಸೀಟಿನಲ್ಲಿ ಯಾರೋ ಗೊತ್ತಿಲ್ಲದ ಒಬ್ಬ ದೊಡ್ಡ ಮನುಷ್ಯ ಕೂತಿದ್ದ. ಅವನ ತಲೆಯ ಮೇಲೆ ಒಂದೊಂದು ಕೂದಲೂ ಉಂಗುರದ ಹಾಗೆ, ಎಷ್ಟು ದುಂಡಗೆಂದರೆ ಗುಬ್ಬಿಗೆ ಉಸಿರು ಕಟ್ಟಿತು.

“ಬೇಡ ಗುಬ್ಬೀ” ಎಂದ ಮಾವ ಪಿಸುದನಿಯಲ್ಲಿ. “ಬಸ್ಸಿಂದ ಇಳಿಸ್ತಾರೆ.”

ಗುಬ್ಬಿ ಆಗಲೇ ಮುಂದಿನ ಸೀಟಿನವನ ಭುಜ ತಟ್ಟಿದ್ದಳು. ಕೂದಲು, ಟೈಲ್ಸು, ಮೇಡಂ, ಬಟ್ಟಲು ಎಂದು ತಲೆಬುಡವಿಲ್ಲದಂತೆ ಒಂದೇ ಉಸಿರಿನಲ್ಲಿ ಹೇಳಿದಳು. ಆ ಮನುಷ್ಯ ಹುಬ್ಬು ಗಂಟಿಕ್ಕಿ ಪೂರ್ತಿ ಕೇಳಿದ. ಹಿಂದೆ ಕೂತ ಜನರನ್ನೆಲ್ಲ ಒಮ್ಮೆ ನೋಡಿದ. ಅವರೆಲ್ಲ ಒಟ್ಟಿಗೇ ತಲೆಯಾಡಿಸಿದರು.

“ಒಂದು ಉಂಗುರ ಸಾಕಾ?” ಎಂದ ಅವನು.

ಅಮ್ಮ ಕೈಚೀಲದಿಂದ ಕತ್ತರಿ ತೆಗೆದು ಎದ್ದು ನಿಂತಿದ್ದಳು. “ಡ್ರೈವರಣ್ಣಾ, ಒಂದು ನಿಮಿಷ ಮೆಲ್ಲಗೆ ಓಡಿಸಪ್ಪಾ!” ಎಂದು ಕೂಗಿದಳು.