ಸಿದ್ರಾಯನ ಸಿಟ್ಟಿಗೆ ತಕ್ಕ ಆಪ್

ನಾಗನೂರಿನ ಸಿದ್ರಾಯನಿಗೆ ಸಿಟ್ಟು ಬರುತ್ತದೆ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ. ಬರಬೇಕಾದರೆ ಮೊದಲು ಅದು ಎಲ್ಲಿಗಾದರೂ ಹೋಗಬೇಕಲ್ಲ. ಬೆಳಿಗ್ಗೆ ದಡ್ಡಿಯ ಬಾಗಿಲು ತೆಗೆಯುವಾಗ ಕುರಿಗಳ ಮೇಲೆ, ಒಂಬತ್ತಕ್ಕೆ ಕರೆಂಟಿನ ಮೇಲೆ, ಮಧ್ಯಾಹ್ನ ರೊಟ್ಟಿ ದಪ್ಪಗಾದರೆ ಹೆಂಡತಿ ಲಗಮವ್ವನ ಮೇಲೆ, ತೆಳ್ಳಗಾದರೆ ಹಿಟ್ಟು ಬೀಸಿದ ಗಿರಣಿಯವನ ಮೇಲೆ. ಐವತ್ತಾರು ವರ್ಷದ ಈ ಮನುಷ್ಯ ಸಿಟ್ಟಿನ ವಿಷಯದಲ್ಲಿ ಮೇಲು ಕೀಳು ಎಂದು ಭೇದ ಮಾಡಿದವನಲ್ಲ. ಅದು ನೆತ್ತಿಗೇರಿದಾಗ ಮಾತ್ರ ತಲೆಯ ಪಟಕಾ ಬಿಚ್ಚಿ, ಫಟ್ ಫಟ್ ಎಂದು ಕೊಡವಿ, ಮತ್ತೆ ಮೊದಲಿನಿಂದ ಸುತ್ತಿಕೊಳ್ಳುತ್ತಾನೆ. ಅಷ್ಟರೊಳಗೆ ಎದುರಿಗಿದ್ದವರು ಜಾಗ ಖಾಲಿ ಮಾಡಬೇಕು ಎಂಬುದು ಮನೆಯ ಪದ್ಧತಿ.

ಆದರೆ ಇವೆಲ್ಲ ಚಿಲ್ಲರೆ ಸಿಟ್ಟು. ಇಡೀ ಸಿಟ್ಟನ್ನು ಅವನು ಇಪ್ಪತ್ತೆರಡು ವರ್ಷದಿಂದ ಒಬ್ಬನಿಗಾಗಿ ತೆಗೆದಿಟ್ಟಿದ್ದ. ಅವನು ಯಮಕನಮರಡಿಯ ಖಂಡೆಪ್ಪ.

ಇಬ್ಬರೂ ಡೊಳ್ಳಿನ ಪದ ಹಾಡುವವರು. ಎದುರುಬದುರು ಎರಡು ಮೇಳ ನಿಲ್ಲುತ್ತವೆ; ಒಂದು ಮೇಳ ಪದದಲ್ಲಿ ಸವಾಲು ಹಾಕಿದರೆ ಇನ್ನೊಂದು ಪದದಲ್ಲೇ ಜವಾಬು ಕೊಡಬೇಕು. ಆ ವರ್ಷ ಹುಕ್ಕೇರಿಯಲ್ಲಿ ನಡೆದ ಹಾಡಿಕಿಯಲ್ಲಿ ಒಂದು ಕಟ್ಟಳೆ ಇಟ್ಟಿದ್ದರು. ಸವಾಲು ಮುಗಿದ ಮೇಲೆ ಡೊಳ್ಳು ನಿಲ್ಲಬೇಕು, ಮಂದಿ ಗಪ್ಪಾಗಬೇಕು, ನಿಮಿಷದೊಳಗೆ ಜವಾಬು ಎತ್ತಬೇಕು. ಖಂಡೆಪ್ಪ ಕುರುಬರ ಪುರಾಣ ಹಿಡಿದು ಕೇಳಿದ: ಹುತ್ತದಿಂದ ಕುರಿ ಹುಟ್ಟಿ ಬಂದಾಗ, ಮೊದಲು ಹೊರಬಿದ್ದ ಕುರಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತು? ಸಿದ್ರಾಯ ಜವಾಬು ಹಾಡಿದ. ಗಡಿಯಾರ ಹಿಡಿದು ಕೂತಿದ್ದ ಪಂಚರು ಹೊತ್ತು ಮೀರಿತು ಎಂದು ಬೆಳ್ಳಿಯ ಕಡಗವನ್ನು ಖಂಡೆಪ್ಪನ ಕೈಗೆ ತೊಡಿಸಿದರು. ನಿಮಿಷದೊಳಗೇ ಹಾಡಿದ್ದೆ ಎಂದು ಸಿದ್ರಾಯ ಅಂದಿನಿಂದ ಹೇಳುತ್ತಲೇ ಇದ್ದಾನೆ. ಖಂಡೆಪ್ಪನ ಕಥೆಯೇ ಬೇರೆ. ‘ಜವಾಬು ಎಲ್ಲಿದು? ಅಂವ ಬಾಯಿ ಬಿಟಗೊಂಡು ನಿಂತಿದ್ದ’ ಎಂದು ಅವನು ಯಮಕನಮರಡಿಯ ಚಹಾದಂಗಡಿಯಲ್ಲಿ ಹೇಳಿದ್ದು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಹಬ್ಬಿ, ಸಿದ್ರಾಯ ಸಂತೆಗೆ ಹೋದರೂ ಯಾರಾದರೊಬ್ಬರು ಬಾಯಿ ಬಿಟ್ಟು ತೋರಿಸುತ್ತಿದ್ದರು.

ಇಷ್ಟಾದ ಮೇಲೂ ತನ್ನ ಮಗಳು ಅರ್ಚನಾಳನ್ನು ಸಿದ್ರಾಯ ಖಂಡೆಪ್ಪನ ಮನೆಗೇ ಕೊಟ್ಟ. ಹುಡುಗ ಚೊಲೋ, ಹೊಲ ಚೊಲೋ, ಹುಡುಗಿ ಒಪ್ಪಿದ್ದಾಳೆ. ಹುಡುಕಿದರೂ ಸಿಕ್ಕ ಐಬು ಒಂದೇ, ಹುಡುಗನ ಅಪ್ಪ. ಅದರಿಂದ ಆದ ದೊಡ್ಡ ನಷ್ಟವೆಂದರೆ, ಅಲ್ಲಿಯವರೆಗೆ ‘ಲೇ’ ಎಂದು ಬೈಯುತ್ತಿದ್ದವರು ಬೀಗರಾದ ಮೇಲೆ ಬೈಗುಳಕ್ಕೂ ‘ರಿ’ ಹಚ್ಚಬೇಕಾಯಿತು.

ಹೀಗಿರುವಾಗ ಆ ಹಾಡಿಕಿಯ ಕ್ಯಾಸೆಟ್ ಸಿಕ್ಕಿತು. ಅಂದು ಮೈಕು ಹಚ್ಚಿದ್ದ ಮೂಡಲಗಿಯ ಉದ್ದಪ್ಪ ತೀರಿಕೊಂಡ ಮೇಲೆ ಅವನ ಮನೆಯವರು ಅಟ್ಟ ತೆಗೆದಾಗ, ಮೇಲೆ ‘ಹುಕ್ಕೇರಿ’ ಎಂದು ಬರೆದ ಕ್ಯಾಸೆಟ್ಟೊಂದು ಕಂಡಿತು. ಅದನ್ನು ಸಿದ್ರಾಯನಿಗೆ ಮುಟ್ಟಿಸಿದರು. ಅವನು ಗೋಕಾಕದಲ್ಲಿ ಮದುವೆ ವಿಡಿಯೋ ಮಾಡುವ ಲಖನನ ಸ್ಟುಡಿಯೋಕ್ಕೆ ಓಡಿದ. ಲಖನ ಬೂಸು ಹಿಡಿದ ಟೇಪನ್ನು ಒರೆಸಿ, ಒಮ್ಮೆ ಓಡಿಸಿ ಪೆನ್ ಡ್ರೈವಿಗೆ ಇಳಿಸುವಷ್ಟರಲ್ಲಿ ಟೇಪು ತುಂಡು ತುಂಡಾಯಿತು. ಅವನೂ ಪೂರಾ ಕೇಳಿರಲಿಲ್ಲ.

“ಕಾಕಾ, ದನಿ ಒಂದ ಚೂರೂ ಕಡಿಮಿ ಆಗದಂಗ ಇಳಿಸೇನಿ. ಫೈಲ್ ಭಾಳ ತೂಕದ್ದೈತಿ. ಮನ್ಯಾಗಿನ ಕಂಪ್ಯೂಟರಿಗಿ ಒಂದ ಚೊಲೋ ಪ್ಲೇಯರ್ ಹಾಕಿಸ್ಕೋರಿ,” ಎಂದ ಲಖನ.

ಅರ್ಚನಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬರುವ ರವಿವಾರ ಅವಳನ್ನೂ ಕೂಸನ್ನೂ ಕರೆದೊಯ್ಯಲು ಖಂಡೆಪ್ಪ ಬರುವವನಿದ್ದ. ಬಂದವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನಿಮಿಷದೊಳಗೆ ಹಾಡಿದ್ದನ್ನು ಅವನ ಕಿವಿಯಲ್ಲೇ ಹಾಕಬೇಕು. ಆರು ದಿನ ಇತ್ತು.

ಸೋಮವಾರ, ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಪ್ಲೇಯರು ಫೈಲನ್ನು ಮೂಸಿ ನೋಡಿ ಹಿಂದೆ ಸರಿಯಿತು.

“ಅಪ್ಪಾ, ಇದಕ್ಕ ಈ ಫೈಲ್ ತೆಗ್ಯಾಕ ಬರೂದಿಲ್ಲಂತ,” ಎಂದಳು ಅರ್ಚನಾ, ತೊಡೆಯ ಮೇಲೆ ಕೂಸನ್ನು ತಟ್ಟುತ್ತ.

“ಬರೂದಿಲ್ಲ ಅಂದ್ರ? ಎಂಟ ವರ್ಷದಿಂದ ಮನ್ಯಾಗ ಕೂತ ಕರೆಂಟ ತಿಂದೈತಲ್ಲ, ಯಾತಕ್ಕಂತ ಕೇಳು!”

ಅವಳು ಇಂಟರ್ನೆಟ್ಟಿನಿಂದ ಇನ್ನೊಂದನ್ನು ಇಳಿಸಿದಳು. ಇದು ಹಾಡಿತು. ಇಪ್ಪತ್ತೆರಡು ವರ್ಷದ ಹಿಂದಿನ ಡೊಳ್ಳು ಪಡಸಾಲೆಯಲ್ಲಿ ಗುಡುಗಿತು. ಖಂಡೆಪ್ಪನ ಸವಾಲಿನ ಮೊದಲ ನುಡಿ ಮುಗಿಯಿತೋ ಇಲ್ಲವೋ, ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ಗಾದಿ ಮಾರತೊಡಗಿದಳು.

“ಇಕಿ ಯಾರಲೇ? ಇಕಿ ಅವತ್ತ ಹಾಡಿಕಿಗೆ ಬಂದಿದ್ದಿಲ್ಲ!”

“ಜಾಹೀರಾತಪ್ಪಾ. ಐದ ಸೆಕೆಂಡ ತಡಿ, ಹೋಗತಾಳ.”

“ಇಪ್ಪತ್ತೆರಡ ವರ್ಷ ತಡದೇನಿ. ಇನ್ನ ಐದ ಸೆಕೆಂಡ ತಡ್ಯೂದಿಲ್ಲ!” ಎಂದವನೇ ಸಿದ್ರಾಯ ವಾಯರು ಕಿತ್ತೊಗೆದ.

ಜೋಳ ಹಸನು ಮಾಡುತ್ತಿದ್ದ ಲಗಮವ್ವ ತಲೆಯೆತ್ತಿ, “ಗಾದಿ ಎಷ್ಟಕ್ಕಂತ?” ಎಂದಳು.

ಮರುದಿನದ ಆಪು ಬಾಗಿಲಲ್ಲೇ ನಿಲ್ಲಿಸಿ ಹೆಸರು ಕೇಳಿತು, ಮೊಬೈಲ್ ನಂಬರು ಕೇಳಿತು, ಹುಟ್ಟಿದ ತಾರೀಖು ಕೇಳಿತು. ಸಾಲಿ ಮಾಸ್ತರರು ಬರೆದ ಜೂನ್ ಒಂದನ್ನೇ ಸಿದ್ರಾಯ ಹೇಳಿದ. ಇಷ್ಟೆಲ್ಲ ತಿಳಿದುಕೊಂಡ ಮೇಲೂ ಅದು ಹಾಡಿನ ಬಾಜೂ ಏನೋ ಇಂಗ್ಲಿಷಿನಲ್ಲಿ ಬರೆಯಿತು.

“ಏನಂತ ಅದು?”

ಅರ್ಚನಾ ಹೇಳಲೋ ಬೇಡವೋ ಎಂದು ನೋಡಿದಳು. “ಗುರ್ತಿಲ್ಲದ ಕಲಾವಿದ ಅಂತಪ್ಪಾ.”

ಪಟಕಾ ಬಿಚ್ಚಿತು. “ಗುರ್ತಿಲ್ಲದವನಾ? ನಾನಾ? ಈಗರ ಹೆಸರ, ನಂಬರ, ಹುಟ್ಟಿದ್ದು ಎಲ್ಲಾ ಹೇಳೇನಿ! ಗೋಕಾಕದಾಗ ಕೇಳಂತ ಹೇಳು, ನಿಡಸೋಸಿಯಾಗ ಕೇಳಂತ ಹೇಳು!” ಫಟ್ ಫಟ್ ಎಂದು ಕೊಡವುತ್ತ ನಡುವೆ ಒಂದು ಕ್ಷಣ ನಿಂತ. “ಖಂಡೆಪ್ಪಂದರ ಹೆಸರ ಬರದೈತೇನ ನೋಡು.”

“ಮಾವಾರದೂ ಇಲ್ಲ.”

“ಹಾಂ. ಅದೊಂದ ಖರೆ ಬರದೈತಿ.”

ಅದೂ ಸವಾಲು ಮುಗಿಯುವ ಹೊತ್ತಿಗೆ ನಿಂತುಬಿಟ್ಟಿತು. ಪುಕ್ಕಟೆ ಕೇಳುವವರಿಗೆ ಹತ್ತು ನಿಮಿಷವಂತೆ. ಬುಧವಾರ ಮತ್ತೊಂದನ್ನು ಹಾಕಿದರು. ಅದರಲ್ಲಿ ಡೊಳ್ಳು ತಗಡಿನ ಡಬ್ಬಿ ಬಡಿದಂತೆ ಕೇಳಿದ್ದೇ ಹಾಡು ನಿಲ್ಲಿಸಿ, ಅದನ್ನು ಮಾಡಿದವನ ವಂಶವನ್ನು ಸಿದ್ರಾಯ ಊಟದ ತನಕ ಬೈದ.

ಗುರುವಾರ ಬಂದ ಆಪಿನ ಥಾಟೇ ಬೇರೆ. ಹಾಡಿದಂತೆಲ್ಲ ಬಣ್ಣದ ಪಟ್ಟಿಗಳು ಏರುತ್ತ ಇಳಿಯುತ್ತ ಕುಣಿದವು. ಡೊಳ್ಳು ಎದೆಗೆ ಬಡಿಯಿತು. ಖಂಡೆಪ್ಪನ ಸವಾಲು ಮುಗಿಯಿತು. ಸಿದ್ರಾಯ ಉಸಿರು ಹಿಡಿದ. ಹಿಡಿದ ಉಸಿರು ಬಿಡುವುದರೊಳಗೆ ಅವನದೇ ದನಿ, ಈಗ ಒಡೆದು ಹೋಗಿರುವ ದನಿ, ಗಣಗಣ ಎದ್ದಿತು. ಅವನ ಜವಾಬಿನಲ್ಲಿ ಮೊದಲ ಕುರಿ ಹುತ್ತದ ಕಡೆಗೇ ತಿರುಗಿ ನಿಂತಿತು. ಅದರ ಮರಿ ಇನ್ನೂ ಒಳಗಿತ್ತು.

“ಎರಡ ಸೆಕೆಂಡು!” ಸಿದ್ರಾಯ ನೆಲ ಬಿಟ್ಟು ಜಿಗಿದ. “ನಿಮಿಷ ಎಲ್ಲಿದು, ಎರಡ ಸೆಕೆಂಡಿನ್ಯಾಗ ಜವಾಬ ಒಗದೇನಿ!”

ಮೊಬೈಲ್ ಹಿಡಿದು ಕೂತವನು ಹತ್ತು ಜನರಿಗೆ ಹೇಳಿ ಮುಗಿಸಿದ ಮೇಲೆಯೇ ಎದ್ದ. ಹತ್ತನೆಯವನು ಯಮಕನಮರಡಿಯ ಮುತ್ತಪ್ಪ. ಅವನಿಗೆ ಹೇಳಿದರೆ ಖಂಡೆಪ್ಪನಿಗೆ ಮುಟ್ಟುತ್ತದೆ ಎಂದು ಗೊತ್ತಿದ್ದೇ ಹೇಳಿದ.

ಲಗಮವ್ವ ಮರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಿದಳು. “ಅಷ್ಟ ಲಗೂ ಎಲ್ಲಿ ಹಾಡಿದ್ರಿ? ನಾನೂ ಇದ್ನೆಲ್ಲ ಅವತ್ತ. ನಡುವ ಪಟಕಾ ಬಿಚ್ಚಿ ಪೂರಾ ಸುತ್ತಿದ್ರಿ. ಹತ್ತ ಮೊಳದ ಪಟಕಾ ಎರಡ ಸೆಕೆಂಡಿನ್ಯಾಗ ಸುತ್ತಾಕ ಬರತೈತೇನು?”

“ನಿನಗೇನ ನೆನಪಿರತೈತಿ!”

“ಕೆಂಪ ಪಟಕಾ. ಎರಡ ಸಲ ಕೊಡವಿದ್ರಿ.”

ಅರ್ಚನಾ ಹಾಡನ್ನು ಹಿಂದಕ್ಕೆ ತಂದು ಮತ್ತೆ ಹಚ್ಚಿ, ಪರದೆಯ ಕೆಳಗಿನ ಅಂಕಿಗಳನ್ನು ನೋಡಿದಳು. ಸವಾಲು ಮುಗಿದ ಕೂಡಲೇ ಅಂಕಿಗಳು ಒಮ್ಮೆಲೇ ಮುಂದಕ್ಕೆ ಜಿಗಿದವು. ಅವಳು ಲಖನನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಅದು ಶಾಣ್ಯಾ ಆಪ್ ಕಾಕಾ,” ಎಂದ ಲಖನ ನಗುತ್ತ. “ಕೇಳೂವರಿಗಿ ಬ್ಯಾಸರ ಆಗಬಾರದಂತ ದನಿ ಇಲ್ಲದ ಜಾಗಾ ತಾನ ಕತ್ತರಿಸಿ ಮುಂದ ಹೋಗತೈತಿ. ಇರಲಿ ಬಿಡ್ರಿ. ಹಂಗ ಕೇಳಸ್ರಿ ಅವರಿಗಿ. ನೀವ ಗೆದ್ದಂಗಾತು. ಟೇಪರ ಎಲ್ಲೈತಿ ಈಗ, ಯಾರ ತಗದ ನೋಡಾವ್ರ?”

ಸಿದ್ರಾಯ ಎದ್ದು ಕುರಿ ಹೊಡೆದುಕೊಂಡು ಹೋದ.

ಆ ಮಧ್ಯಾಹ್ನವೆಲ್ಲ ಅವನು ಕುರಿಗಳಿಗೆ ಒಂದು ಮಾತೂ ಬೈಯಲಿಲ್ಲ. ಕುರಿಗಳು ಗಾಬರಿಯಾಗಿ ಒಟ್ಟೊಟ್ಟಿಗೇ ಮೇಯ್ದವು. ಖಂಡೆಪ್ಪನ ಮುಖ ಇಳಿಯುವುದನ್ನು ಅವನು ಮನಸ್ಸಿನಲ್ಲೇ ನಾಲ್ಕು ಸಲ ನೋಡಿದ. ಸಂತೆಯಲ್ಲಿ ಇನ್ನು ಮೇಲೆ ಬಾಯಿ ಬಿಟ್ಟು ತೋರಿಸುವವರು ತಮ್ಮ ಬಾಯಿ ತಾವೇ ಮುಚ್ಚಿಕೊಳ್ಳುವುದನ್ನೂ ನೋಡಿದ. ಚೆನ್ನಾಗಿಯೇ ಇತ್ತು. ಐದನೆಯ ಸಲ ನೋಡುವಾಗ ಎಲ್ಲೋ ಒಂದು ಕಡೆ ಚುಚ್ಚಿತು. ಸಾವಿರ ಮಂದಿಯ ಮುಂದೆ, ನಾಲಿಗೆ ಒಣಗಿ, ಬೆನ್ನಿನಲ್ಲಿ ಬೆವರಿಳಿದು, ಪಟಕಾ ಸುತ್ತುತ್ತ ಸುತ್ತುತ್ತ ಆ ಕುರಿಯನ್ನು ಹುತ್ತದ ಕಡೆಗೆ ತಿರುಗಿಸಿದವನು ತಾನು. ಅದಷ್ಟನ್ನೂ ಆ ಬಣ್ಣದ ಪಟ್ಟಿಯ ಆಪು ‘ಬ್ಯಾಸರ’ ಎಂದು ಕತ್ತರಿಸಿ ಎಸೆದಿತ್ತು.

ಸಂಜೆ ದಡ್ಡಿಯ ಬಾಗಿಲು ಹಾಕದೆಯೇ ಒಳಗೆ ಬಂದ.

“ತಗೀ ಅದನ್ನ! ನಾ ವಿಚಾರ ಮಾಡಿದ್ದನ್ನ ಕತ್ತರಿಸಾಕ ಅಂವ ಯಾಂವ? ಬ್ಯಾಸರಂತ! ಅವನ ಅಪ್ಪ ನಿಂತಿದ್ದನೇನ ಅಲ್ಲೆ? ನಾ ನಿಂತಿದ್ದೆ!”

ಇದನ್ನು ಸತ್ಯಸಂಧತೆ ಎಂದು ಕರೆಯುವ ಧೈರ್ಯ ಸಿದ್ರಾಯನಿಗೇ ಆಮೇಲೂ ಆಗಲಿಲ್ಲ. ಸುಳ್ಳು ಗೆಲುವು ಬೇಡ ಎಂದು ಮನಸ್ಸು ಹೇಳಿದ್ದರೆ ಅದನ್ನು ಹೇಗಾದರೂ ಸಮಾಧಾನ ಮಾಡುತ್ತಿದ್ದ. ಸಿಟ್ಟು ಹೇಳಿತು, ಅದರ ಮುಂದೆ ಅವನ ಆಟ ಎಂದೂ ನಡೆದದ್ದಿಲ್ಲ.

ಲಖನ ತಾನು ಸ್ಟುಡಿಯೋದಲ್ಲಿ ಬಳಸುವ ಪ್ಲೇಯರಿನ ಹೆಸರು ಹೇಳಿದ. ನೋಡಲು ಒಲೆಯ ಬೂದಿಯ ಬಣ್ಣ. ಕುಣಿತವಿಲ್ಲ, ಹೆಸರು ಊರು ಕೇಳಲಿಲ್ಲ, ಗಾದಿಯವಳೂ ಇಲ್ಲ. ಹಚ್ಚಿದ್ದನ್ನು ಹಚ್ಚಿದಷ್ಟೇ ನುಡಿಸುವುದು ಅದರ ಕಸುಬು. ಸವಾಲು ಮುಗಿದು ಡೊಳ್ಳು ನಿಂತಿತು. ಮೈಕು ಗುಂಯ್ ಎಂದಿತು. ಯಾರೋ ಕೆಮ್ಮಿದರು. ದೂರದಲ್ಲಿ ಒಂದು ಬಸ್ಸು ಹೋಯಿತು. ಆಮೇಲೆ ಫಟ್, ಫಟ್. ಮತ್ತೆ ಏನೂ ಇಲ್ಲ. ಅರ್ಚನಾಳ ಕೈಯ ಮೊಬೈಲಿನಲ್ಲಿ ನಿಮಿಷ ದಾಟಿತು. ಆಮೇಲೆ ಕುರಿ ತಿರುಗಿತು.

“ಒಂದ ನಿಮಿಷ ಹತ್ತೊಂಬತ್ತ ಸೆಕೆಂಡು,” ಎಂದಳು ಅವಳು ಮೆಲ್ಲಗೆ.

ಸಿದ್ರಾಯ ಸಿಟ್ಟು ಮಾಡಲು ಆಚೀಚೆ ನೋಡಿದ. ಪಂಚರು ಸತ್ತಿದ್ದರು. ಅವರ ಗಡಿಯಾರ ಸರಿಯಾಗಿತ್ತು.

“ಪಟಕಾ ಸುತ್ತದ ಇದ್ದಿದ್ರ ಗೆದ್ದಿರತಿದ್ರಿ ನೋಡ್ರಿ,” ಎಂದಳು ಲಗಮವ್ವ.

ರವಿವಾರ ಖಂಡೆಪ್ಪ ಗಾಡಿಯಿಂದ ಇಳಿದದ್ದೇ ಹಾರಿಕೊಂಡು. ಮುತ್ತಪ್ಪ ತನ್ನ ಕೆಲಸ ಮಾಡಿದ್ದ. ಕೊಟ್ಟ ನೀರನ್ನೂ ಮುಟ್ಟದೆ, “ಎರಡ ಸೆಕೆಂಡಿನ್ಯಾಗ ಜವಾಬ ಕೊಟ್ಟೇರಂತಲ್ರಿ ಬೀಗ್ರ? ಎಲ್ಲೈತಿ, ಹಚ್ರಿ ಕೇಳೂಣು!” ಎಂದ.

“ಅದು ಸುಳ್ಳ. ಆ ಆಪ್ ತಗದ ಒಗದೇನಿ. ಕುಂದರ್ರಿ.”

ಬೂದಿ ಬಣ್ಣದ ಪ್ಲೇಯರು ಹಾಡಿತು. ತನ್ನ ಸವಾಲಿಗೆ ಖಂಡೆಪ್ಪ ತೊಡೆಯ ಮೇಲೆ ತಾಳ ಹಾಕಿದ. ಡೊಳ್ಳು ನಿಂತಾಗ ಹಲ್ಲು ಬಿಟ್ಟ. “ಕೇಳ್ರಿ, ಕೇಳ್ರಿ! ಏನ ಕೇಳಸತೈತಿ? ಬಾಯಿ ಬಿಟಗೊಂಡ ನಿಂತೀರಿ!”

ಆಮೇಲೆ ಜವಾಬು ಬಂತು. ತೊಡೆಯ ಮೇಲಿನ ಕೈ ಅಲ್ಲೇ ನಿಂತಿತು. ಕುರಿ ಹುತ್ತದ ಕಡೆ ತಿರುಗಿ, ಒಳಗಿನ ಮರಿ ಕೂಗಿ, ಹಾಡು ಮುಗಿಯುವವರೆಗೂ ಖಂಡೆಪ್ಪ ಅಲ್ಲಾಡಲಿಲ್ಲ.

“ಇದು ಅವತ್ತಿಂದಲ್ಲ,” ಎಂದ ಕೊನೆಗೆ, ಇಪ್ಪತ್ತೆರಡು ವರ್ಷ ಹೇಳಿದ ಕಥೆಯನ್ನು ತಾನೇ ನಂಬಿಬಿಟ್ಟಿದ್ದವನು. “ಮೊನ್ನಿ ಹಾಡಿ ಸೇರಿಸೀರಿ.”

“ಈ ಒಡಕ ಗಂಟಲಾಗ ಹಂಗ ಹಾಡಾಕ ಬರತೈತೇನ್ರಿ?”

“ಈಗ ಕಂಪ್ಯೂಟರಿನ್ಯಾಗ ಏನ ಬೇಕಾದ್ದ ಬರತೈತಿ. ನಿಮ್ಮ ಆಪ್ ಸರಿ ಇಲ್ಲ. ಬ್ಯಾರೇದ ಹಚ್ರಿ.”

“ಬೀಗ್ರ, ನಾ ಸೋತೇನಿ ಅನ್ನಾಕತ್ತೇನಿ! ಹೊತ್ತ ಮೀರೈತಿ, ನಂದ ತಪ್ಪ, ಪಂಚರ ಖರೆ!”

“ಸೋತದ್ದ ನನಗ ಗೊತ್ತಿಲ್ಲೇನು? ಜವಾಬ ಎಲ್ಲಿಂದ ಬಂತು ಅದನ್ನ ಹೇಳ್ರಿ!”

“ನನ್ನ ಬಾಯಾಗಿಂದ ಬಂತ್ರಿ! ಬಿಟಗೊಂಡ ನಿಂತಿದ್ದೆ ಅಂತೀರಲ್ಲ, ಅದ ಬಾಯಿ!”

ಖಂಡೆಪ್ಪ ಒಪ್ಪಲಿಲ್ಲ. ಮತ್ತೊಮ್ಮೆ ಹಚ್ಚಿಸಿದ. ಗಾದಿ ಮಾರುವವಳ ಆಪನ್ನೂ ಹಚ್ಚಿಸಿ, ಅವಳು ಮಾರಿ ಮುಗಿಸುವವರೆಗೆ ಕಾದು ಕೇಳಿದ. ತಗಡಿನ ಡಬ್ಬಿಯದನ್ನೂ ಕೇಳಿದ. ಎಲ್ಲದರಲ್ಲೂ ಕುರಿ ತಿರುಗಿಯೇ ತಿರುಗಿತು. ಸಿದ್ರಾಯ ತನ್ನ ಮನೆಯಲ್ಲೇ ಒಂದೇ ಮುಂಜಾನೆ ನಾಲ್ಕು ಸಲ ಸೋತ.

“ಆತು,” ಎಂದ ಖಂಡೆಪ್ಪ, ತನ್ನ ಹೊಲ ಬರೆದುಕೊಡುವವನಂತೆ. “ಜವಾಬ ಕೊಟ್ಟೀರಿ. ಖರೆ ತಡಾ ಆಗೈತಿ.”

“ಅದನ್ನ ನಾ ಮುಂಜಾಲಿಂದ ಒದರಾಕತ್ತೇನ್ರಿ!” ಎಂದು ಸಿದ್ರಾಯ ಅರಚಿದ ರಭಸಕ್ಕೆ ಕೂಸು ಎದ್ದು ಅಳತೊಡಗಿತು. ಲಗಮವ್ವ ಇಬ್ಬರನ್ನೂ ಬೈದು ಊಟಕ್ಕೆ ಕೂರಿಸಿದಳು.

ಅರ್ಚನಾ ಕೂಸಿನೊಡನೆ ಗಾಡಿ ಹತ್ತಿದಳು. ಸಿದ್ರಾಯ ಖಂಡೆಪ್ಪ ಕೂತ ಬಾಗಿಲಿನ ಕಿಟಕಿ ಹಿಡಿದು ನಿಂತ.

“ನಾಳಿ ಚಹಾದಂಗಡ್ಯಾಗ ಏನ ಹೇಳಾವ್ರ?”

“ಸಿದ್ರಾಯ ಸೋತ ಅಂತ ಹೇಳತೀನಿ. ಹೇಳಬಾರದೇನು?”

“ಹೇಳ್ರಿ. ಎಷ್ಟರಿಂದ ಅಂತ ಹೇಳತೀರಿ?”

ಖಂಡೆಪ್ಪ ಮುಂದಿನ ಗಾಜಿನ ಕಡೆ ಮುಖ ಮಾಡಿದ. “ಹತ್ತೊಂಬತ್ತ ಸೆಕೆಂಡಿನಿಂದ.”

“ಹಾಂ,” ಎಂದ ಸಿದ್ರಾಯ, ಕಿಟಕಿ ಬಿಡುತ್ತ. “ಇಪ್ಪತ್ತ ಅಂತ ನನ್ನ ಕಿವಿಗಿ ಬಿತ್ತೋ, ಯಮಕನಮರಡಿಗೇ ಬರತೇನ ನೋಡ್ರಿ ಮತ್ತ!”