ವಿಡಿಯೊ ಕಾಕಾ ಮತ್ತು ಬೆನ್ನಿಲ್ಲದ ಕ್ಯಾಮೆರಾ

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು ವರ್ಷಗಟ್ಟಲೆ ಎಡಗಣ್ಣು ಮುಚ್ಚಿದ್ದರ ಫಲ ಅದು. ಊಟಕ್ಕೆ ಕುಳಿತಾಗಲೂ, ಬಸ್ಸಿಗೆ ಕಾಯುವಾಗಲೂ ಹಾಗೆಯೇ. ೧೯೯೭ರಲ್ಲಿ ಹನುಮಸಾಗರದ ನಮ್ಮ ಮನೆಗೆ ಅಕ್ಕನ ಮದುವೆಯ ವಿಡಿಯೊ ತೆಗೆಯಲು ಅವರು ಕುಷ್ಟಗಿಯಿಂದ ಬಂದಾಗ ನಮ್ಮಜ್ಜಿ ಅಡ್ಡ ನಿಂತು, "ಏನಪಾ, ಈ ವಯಸ್ಸಿನ್ಯಾಗ ನನಗ ಕಣ್ಣ ಹೊಡೀತಿ?" ಎಂದು ಕೇಳಿದ್ದಳು. "ಏನ್ ಮಾಡ್ಲಿರಿ ಯಮ್ಮಾ, ಮದುವಿಯಾಗ ಎಲ್ಲಾರಕ್ಕಿಂತ ನೀವ ಛಲೋ ಕಾಣಾಕತ್ತೀರಿ" ಎಂದರು ಅವರು. ಅವತ್ತಿನಿಂದ ಅವರು ನಮಗೆ ವಿಡಿಯೊ ಕಾಕಾ.

ನಮ್ಮ ಕಡೆ ಮದುವೆಯ ಕ್ಯಾಸೆಟ್ಟು ಬಂದ ದಿನ ಬೀಗರೆಲ್ಲ ಟಿವಿ ಮುಂದೆ ಸೇರುತ್ತಿದ್ದರು. ಯಾರ ಮುಖ ಅದರಲ್ಲಿ ಇಲ್ಲವೋ ಅವರು ವರ್ಷವಿಡೀ ಹೆಣ್ಣಿನ ಮನೆಯವರ ಜೊತೆ ಮಾತು ಬಿಡುತ್ತಿದ್ದರು. ಅದಕ್ಕೇ ಕಾಕಾ ಊಟದ ಪಂಕ್ತಿಗಳಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು "ಈ ಕಡಿ ನೋಡ್ರಿ" ಎನ್ನುತ್ತಿದ್ದರು. ಬಾಯಿಗೆ ಹೋಗುವ ತುತ್ತು ಅಲ್ಲೇ ನಿಲ್ಲಬೇಕು. ಅಕ್ಷತೆ ಹಾಕುವವರು ಮದುಮಕ್ಕಳನ್ನು ಬಿಟ್ಟು ಕ್ಯಾಮೆರಾ ನೋಡುತ್ತಲೇ ಹಾಕುತ್ತಿದ್ದರು, ಅರ್ಧ ಅಕ್ಕಿ ಮದುವೆ ಮಾಡಿಸುವ ಸ್ವಾಮಿಗಳ ತಲೆಯ ಮೇಲೆ. "ಮಾರಿ ಕಾಣಲಿಲ್ಲಂದ್ರ ಮದುವಿಗಿ ಬಂದಂಗಲ್ಲ" ಎನ್ನುವುದು ಕಾಕಾನ ಮಾತು. ಕ್ಯಾಮೆರಾ ಕಂಡರೆ ನೆಟ್ಟಗೆ ನಿಂತು ಅದನ್ನೇ ನೋಡಬೇಕು ಎಂದು ನಾವೆಲ್ಲ ಕಲಿತದ್ದು ಹೀಗೆ.

ಆ ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ಮೇಲೆ ನಾನು ಗಿಣಿಗೇರಾ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯ ಕಚೇರಿಗೆ ಸೇರಿದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗ ಬೆಂಗಳೂರಿನಲ್ಲಿ ಉದ್ಯಮಿಗಳ ಸಮಾವೇಶ ಬಂತು. ಬಂಡವಾಳ ಹಾಕುವವರು ಗಿಣಿಗೇರಾದ ಬಿಸಿಲಿಗೆ ಬರುವುದಿಲ್ಲವಲ್ಲ, ಅದಕ್ಕೆ ಅವರ ಕಣ್ಣಿಗೆ ವಿ.ಆರ್. ಕನ್ನಡಕ ಕಟ್ಟಿ, ಕಬ್ಬಿಣ ಕರಗಿಸುವ ಫರ್ನೇಸಿನ ಮುಂದೆಯೇ ನಿಂತಂತೆ ಸುತ್ತಲೂ ತೋರಿಸಬೇಕು ಎಂದು ಮ್ಯಾನೇಜರರ ಆಸೆ. ಆ ಜವಾಬ್ದಾರಿ ನನಗೆ ಬಿತ್ತು. ಇದು ಗೆದ್ದರೆ ಕಾಯಂ, ಇಲ್ಲದಿದ್ದರೆ ಮನೆ ಎಂದು ಅವರು ನಗುತ್ತಲೇ ಹೇಳಿದ್ದರು.

ನಾನು ಕಾಕಾನನ್ನು ಕರೆಸಿದೆ. ಎಲ್ಲರ ಕೈಗೂ ಮೊಬೈಲು ಬಂದು ಅವರಿಗೆ ಮದುವೆಗಳು ಕಡಿಮೆಯಾಗಿದ್ದವು. ಹೊಸ ವಿದ್ಯೆ ಕಲಿಯೋಣವೆಂದು ಮುಷ್ಟಿಯಷ್ಟು ಗಾತ್ರದ, ಹಿಂದೆ ಮುಂದೆ ಎರಡೂ ಕಡೆ ಗಾಜಿರುವ ಕ್ಯಾಮೆರಾ ಕೊಂಡಿದ್ದರು. "ಇದಕ್ಕ ಬೆನ್ನ ಇಲ್ಲ ನೋಡವಾ. ಎಲ್ಲಾ ಕಡೀಗೂ ಮಾರೀನ" ಎಂದು ಹಿಗ್ಗಿನಿಂದ ತೋರಿಸಿದರು.

ಸುತ್ತಲೂ ಕಾಣುವ ಕ್ಯಾಮೆರಾ ಆದ್ದರಿಂದ ತೆಗೆಯುವವರು ಅಡಗಿಕೊಳ್ಳಬೇಕು. ಕಾಕಾ ಒಂದು ಎಣ್ಣೆ ಡ್ರಮ್ಮಿನ ಹಿಂದೆ ಹೋಗಿ ಕುಳಿತರು. ಹೋಗುವ ಮುನ್ನ, "ಅವರ ಪಾಡಿಗಿ ಅವರು ಕೆಲಸಾ ಮಾಡ್ಲಿ. ಯಾರೂ ಇದನ್ನ ನೋಡಬಾರ್ದು" ಎಂದು ನನಗೆ ಎರಡು ಸಲ ಹೇಳಿದ್ದರು. ನಾನು ಮಾಡಿದ್ದೇ ಬೇರೆ. ಶಿಫ್ಟಿನ ಕಾರ್ಮಿಕರಿಗೆಲ್ಲ ಹೊಸ ಹೆಲ್ಮೆಟ್ ಹಾಕಿಸಿ, ಚೆಂದ ಕಾಣಲಿ ಎಂದು ಕ್ಯಾಮೆರಾ ಸುತ್ತ ನಿಲ್ಲಿಸಿ, ಕೈ ಎತ್ತಿ "ಈ ಕಡಿ ನೋಡ್ರಿ" ಎಂದು ಕೂಗಿ ಕಂಬದ ಮರೆಗೆ ಓಡಿದೆ. ಎಲ್ಲರೂ ನೋಡಿದರು. ರೆಪ್ಪೆ ಬಡಿಯದೆ ನೋಡಿದರು.

ಸಂಜೆ ಕಾಕಾ ಕನ್ನಡಕ ಕಟ್ಟಿಕೊಂಡು ತೆಗೆದದ್ದನ್ನು ನೋಡಿದರು. ಅದರೊಳಗೂ ಎಡಗಣ್ಣು ಮುಚ್ಚಿಯೇ ನೋಡಿರಬೇಕು. ನಾನು ಮಾಡಿದ ಎಡವಟ್ಟು ಅವರಿಗೆ ಗೊತ್ತಾದದ್ದು ಆಗ. ಮರುದಿನದಿಂದ ಫರ್ನೇಸು ರಿಪೇರಿಗೆ ಬಂದ್, ಮತ್ತೆ ತೆಗೆಯುವಂತಿಲ್ಲ. ನಾನು ಅಳುವುದೊಂದು ಬಾಕಿ. "ಇರ್ಲಿ ಬಿಡು, ಎಲ್ಲಾರ ಮಾರೀನೂ ಬಂದಾವು" ಎಂದರು ಕಾಕಾ.

ಸಮಾವೇಶಕ್ಕೆ ಕಾಕಾನೂ ನನ್ನ ಜೊತೆ ಬಂದಿದ್ದರು. ಅಲ್ಲಿ ನಮ್ಮ ಮಳಿಗೆಗೆ ಮೊದಲು ಬಂದವರು ಒಬ್ಬ ದೊಡ್ಡ ಬಂಡವಾಳಗಾರರು. ಕನ್ನಡಕ ಕಟ್ಟಿಕೊಂಡು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಗಾಬರಿಯಾಗಿ ಹಿಂದಕ್ಕೂ ತಿರುಗಿದರು. ಎತ್ತ ನೋಡಿದರೂ ಕಾರ್ಮಿಕರು ಸುಮ್ಮನೆ ನಿಂತು ಅವರನ್ನೇ ದಿಟ್ಟಿಸುತ್ತಿದ್ದಾರೆ. ಕನ್ನಡಕ ಕಿತ್ತು, "ಇವರೆಲ್ಲ ಯಾಕ್ರೀ ನನ್ನನ್ನೇ ನೋಡ್ತಿದ್ದಾರೆ? ಸಂಬಳ ಕೊಟ್ಟಿಲ್ವಾ?" ಎಂದು ಹಣೆ ಒರೆಸಿಕೊಂಡರು. ಈಗ ನೆನೆದರೆ ನಗು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮಳಿಗೆಯ ಕಡೆ ಯಾರೂ ಸುಳಿಯಲಿಲ್ಲ.

"ಅವರನ್ನ ಹಾಗೆ ನಿಲ್ಲಿಸಿದ್ದು ಯಾರು?" ಎಂದರು ಮ್ಯಾನೇಜರರು.

ಕಾಕಾ ಮುಂದೆ ಬಂದು, "ನಾನ್ರಿ ಸಾಹೇಬ್ರ. ಮದುವಿ ಚಾಳಿ, ಬಿಡವಲ್ದು" ಎಂದರು.

"ಮದುವೆ ವಿಡಿಯೊದವರನ್ನ ಕರ್ಕೊಂಡು ಬಂದ್ರೆ ಇಷ್ಟೇ. ಇನ್ನೊಮ್ಮೆ ಇಂಥವರನ್ನ ತರಬೇಡಮ್ಮ" ಎಂದು ಮ್ಯಾನೇಜರರು ನನ್ನ ಕಡೆ ತಿರುಗಿದರು. ಕಾಕಾ ಎದುರಿಗೇ ಇದ್ದರು. ನಾನು "ಹೂಂ ಸರ್" ಎಂದೆ.

ವಾಪಸು ಬರುವ ಬಸ್ಸಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ನನಗ ಮದುವಿ ಅದಾವು. ನಿನಗ ಇದೊಂದ ಐತಿ" ಎಂದು ಕಿಟಕಿಗೆ ತಲೆ ಆನಿಸಿ ಮಲಗಿದರು. ಮದುವೆಗಳು ಎಷ್ಟಿವೆ ಎನ್ನುವುದು ನನಗೆ ಗೊತ್ತಿತ್ತು. ಸುತ್ತಲಿನ ಕಾರ್ಖಾನೆಗಳಿಗೆ ಈ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಯಾರೂ ಅವರನ್ನು ಕರೆಯಲಿಲ್ಲ. ಆರು ತಿಂಗಳಲ್ಲಿ ಆ ಕ್ಯಾಮೆರಾ ಮಾರಿದರೆಂದು ಕೇಳಿದೆ. ತಪ್ಪು ಕಾಕಾನ ಲೆಕ್ಕಕ್ಕೆ ಹೋಗಿ ನನ್ನ ಕೆಲಸ ಕಾಯಂ ಆಯಿತು.

ಕಳೆದ ವರ್ಷ ಕಾಕಾ ತೀರಿಕೊಂಡರು. ಮಣ್ಣು ಮಾಡುವ ಹೊತ್ತಿಗೆ ಕುಷ್ಟಗಿಗೆ ಹೋಗಬೇಕೆಂದು ಅರ್ಧ ದಿನದ ರಜೆ ಕೇಳಲು ಮ್ಯಾನೇಜರರ ಕೋಣೆಗೆ ಹೋದೆ. ಸಹಿ ಮಾಡುತ್ತ ಅವರು, "ಯಾರು, ಬೆಂಗಳೂರಲ್ಲಿ ನಮ್ಮ ಮಾನ ಕಳೆದನಲ್ಲ, ಅವನಾ?" ಎಂದರು. ಆ ಹೊತ್ತಿಗೆ ನನಗೆ ಬಡ್ತಿಯೂ ಸಿಕ್ಕಿತ್ತು, ಹೆದರುವಂಥದ್ದು ಏನೂ ಉಳಿದಿರಲಿಲ್ಲ. ನಿಜ ಹೇಳಿದ್ದರೆ ಒಮ್ಮೆ ನಕ್ಕು ಸುಮ್ಮನಾಗುತ್ತಿದ್ದರು.

"ಹೌದು ಸರ್, ಅವರೇ" ಎಂದು ರಜೆಚೀಟಿ ತೆಗೆದುಕೊಂಡು ಹೊರಗೆ ಬಂದೆ.