ಕಾರಣ ಬರೆಯುವ ಉಜ್ಜಪ್ಪ

ಉಜ್ಜಪ್ಪನನ್ನು ನೆನೆದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು. ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ಅವನು ಗುಮಾಸ್ತ, ನಾನು ಕಂಪೌಂಡರ್. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ‘ಏನ್ ನಜೀರ್ ಸಾಬ್ರೆ, ನಮ್ಮ ಮಾನ ಕಳೀತೀರಾ’ ಎಂದು ನನ್ನ ಮನೆ ಬಾಗಿಲಿಗೇ ಬಂದಾರು.

ಡಾಕ್ಟರು ರೋಗಿಯನ್ನು ನೋಡುವ ಮೊದಲೇ ಉಜ್ಜಪ್ಪ ನೋಡಿರುತ್ತಿದ್ದ. ಹೆಸರು, ಊರು, ವಯಸ್ಸು, ರೋಗ, ರೋಗದ ಕಾರಣ ಎಲ್ಲವನ್ನೂ ಹಾಳೆಯ ಮೇಲೆ ದುಂಡಗೆ ಬರೆದು ಒಳಗೆ ಕಳಿಸುತ್ತಿದ್ದ. ಕಾರಣದ ಕಾಲಂ ಡಾಕ್ಟರಿಗೆ ಬಿಡಬೇಕಾದದ್ದು. ಆದರೆ ಖಾಲಿ ಕಾಲಂ ಕಂಡರೆ ಈ ಮಹಾರಾಯನಿಗೆ ಕೈ ಕಡಿಯುತ್ತಿತ್ತು. ರೋಗಿಯ ಜೊತೆ ಬಂದವರು ಏನು ಹೇಳಿದರೋ ಅದೇ ಕಾರಣ. ಕಾಮಾಲೆಗೆ ಕಾರಣ: ನಾದಿನಿಯ ದೃಷ್ಟಿ. ಕಾಲು ಮುರಿದದ್ದಕ್ಕೆ ಕಾರಣ: ಹೊರಡುವಾಗ ಬೆಕ್ಕು ಅಡ್ಡ ಬಂದದ್ದು. ಹೆರಿಗೆಗೆ ಬಂದ ಹೆಂಗಸೊಬ್ಬಳ ಹಾಳೆಯಲ್ಲಿ ಕಾರಣ: ಗಂಡ. ಅದೊಂದನ್ನು ಮಾತ್ರ ಡಾಕ್ಟರು ಹೊಡೆದುಹಾಕಲಿಲ್ಲ.

“ಅಲ್ಲ ಮಾರಾಯ, ಹಿಂಗೆಲ್ಲ ಬರೀತಾರೇನೋ?” ಎಂದು ನಾನು ರೇಗಿದರೆ ಅವನು ತಣ್ಣಗೆ ಹೇಳುತ್ತಿದ್ದ: “ಸಾಬ್ರೆ, ಜನ ಹೇಳಿದ್ದು ಬರಿಯೋದು ನನ್ನ ಕೆಲಸ. ಖರೆ ಸುಳ್ಳು ನೋಡಾಕೆ ಶಿವಮೊಗ್ಗದಾಗೆ ಸಾಹೇಬ್ರು ಅದಾರೆ.” ಶಿವಮೊಗ್ಗದ ಸಾಹೇಬರು ನೋಡುತ್ತಿದ್ದದ್ದು ತಿಂಗಳ ಕೊನೆಯ ಮೊತ್ತ ಮಾತ್ರ.

ಐವತ್ತೆಂಟನೇ ಇಸವಿಯಲ್ಲಿ ಅದೇ ಶಿವಮೊಗ್ಗದಿಂದ ಒಂದು ದಪ್ಪ ಪುಸ್ತಕ ಬಂತು. ಪ್ರಪಂಚದ ರೋಗಗಳಿಗೆಲ್ಲ ಅದರಲ್ಲಿ ಒಂದೊಂದು ನಂಬರು. ಇನ್ನು ಮುಂದೆ ಪ್ರತಿ ರೋಗಿಯ ಮುಂದೆಯೂ ನಂಬರು ಹಾಕಬೇಕೆಂದು ಆಜ್ಞೆ. ಉಜ್ಜಪ್ಪ ಪುಸ್ತಕಕ್ಕೆ ವಿಭೂತಿ ಹಚ್ಚಿ, ಕೈ ಮುಗಿದು ಮೇಜಿನ ಮೇಲಿಟ್ಟುಕೊಂಡ.

ಆ ವರ್ಷದ ಮದುವೆ ಕಾಲದಲ್ಲಿ ಒಂದು ಮಧ್ಯಾಹ್ನ ಬೆಲ್ಲದ ವ್ಯಾಪಾರಿ ಮಲ್ಲೇಶಪ್ಪನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಬಾಯಿ ಸೊಟ್ಟಗಾಗಿತ್ತು, ಮಾತು ನಿಂತಿತ್ತು. ಹಿಂದೆಯೇ ಹೆಂಡತಿ ರಾಜೇಶ್ವರಮ್ಮ. ಅವಳ ಹಿಂದೆ ಮದುವೆ ಗಂಡಾದ ಮಗ. ಎಲ್ಲರಿಗಿಂತ ಹಿಂದೆ, ಬಾಗಿಲ ಬಳಿ, ಬಾಸಿಂಗದ ಗುರುತು ಹಣೆಯಿಂದ ಇನ್ನೂ ಮಾಸದ ಹೊಸ ಸೊಸೆ ಸತ್ಯವತಿ.

“ಏನಾಯ್ತ್ರೀ?” ಎಂದ ಉಜ್ಜಪ್ಪ, ಪೆನ್ನಿನ ಮುಚ್ಚಳ ತೆಗೆಯುತ್ತ.

“ಆಗೋದೇನೈತ್ರೀ! ಜಡೆ ಊರಿಂದ ಸೊಸೆ ತಂದ್ವಿ. ಹೊಸ್ತಿಲ ಮೇಲಿನ ಸೇರಕ್ಕಿ ಒದ್ದು ಒಳಗೆ ಕಾಲಿಟ್ಳು, ಇವರು ದೊಪ್ಪಂತ ಬಿದ್ರು. ಆಕಿ ಕಾಲ್ಗುಣ! ಹಂಗಂತ ಬರ್ಕೊಂಡು ಒಂದು ನಕಲು ಕೊಡ್ರಿ. ಸಂಜಿ ಬಸ್ಸಿಗೇ ಆಕಿನ್ನ ತವರಿಗೆ ಕಳಿಸ್ತೀನಿ. ಜಡೆಯವರು ಜಗಳಕ್ಕೆ ಬಂದ್ರೆ ಸರ್ಕಾರದ ಕಾಗದ ತೋರಿಸ್ತೀನಿ.”

ಉಜ್ಜಪ್ಪ ಬರೆದೇಬಿಟ್ಟ. ರೋಗ: ಲಕ್ವ. ಕಾರಣ: ಸೊಸೆಯ ಕಾಲ್ಗುಣ. ಬರೆದು ಶಾಯಿ ಆರಲೆಂದು ಊದಿದ. ನನಗೆ ಮೈಯೆಲ್ಲ ಉರಿಯಿತು. ಮದುವೆಯಾದ ಮರುದಿನವೇ ಆ ಹುಡುಗಿಯ ಬಾಳು ಇವನ ಒಂದು ಸಾಲಿನಲ್ಲಿ ಮುಗಿಯುವುದರಲ್ಲಿತ್ತು. ಮದುವೆ ಗಂಡೋ, ಗೋಡೆಗೆ ಒರಗಿ ಕಾಲುಂಗುರದ ಹೊಸ ಹೆಂಡತಿಯತ್ತ ತಿರುಗಿಯೂ ನೋಡದೆ ಉಗುರು ಕಚ್ಚುತ್ತಿದ್ದ.

ಡಾಕ್ಟರ್ ಗೌರೀಶಂಕರ ಬಂದು ಮಲ್ಲೇಶಪ್ಪನ ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಹಾಳೆ ಓದಿದರು.

“ಉಜ್ಜಪ್ಪ, ಈ ಕಾಲ್ಗುಣಕ್ಕೆ ನಂಬರೆಷ್ಟು?”

ಅವನು ನಿಜವಾಗಿಯೂ ಪುಸ್ತಕ ತೆಗೆದು ಹುಡುಕತೊಡಗಿದ! ಹುಡುಕಿ ಹುಡುಕಿ ಬೆವರಿ, “ಸಿಗವಲ್ದು ಸಾರ್. ‘ಇತರೆ’ ಒಳಗೆ ಹಾಕ್ಲಾ?” ಎಂದ.

ಡಾಕ್ಟರು ಹಣೆ ಚಚ್ಚಿಕೊಂಡರು. “ಇವರ ಹೃದಯದ ಕವಾಟ ಕೆಟ್ಟಿದೆ. ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಅದರ ಚೂರೊಂದು ಹಾರಿ ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿದೆ. ಅದಕ್ಕೇ ನಿಂತವರು ನಿಂತ ಹಾಗೇ ಬಿದ್ದದ್ದು. ನಂಬರು ಮುನ್ನೂರ ಮೂವತ್ತೆರಡು. ಹೃದಯ ಕೆಟ್ಟು ವರ್ಷಗಳೇ ಆಗಿರಬೇಕು. ಶಿವಮೊಗ್ಗಕ್ಕೆ ಕಳಿಸೋಕೆ ಹಿಂದಿನದೆಲ್ಲ ಬರೀಬೇಕು. ಅಮ್ಮಾ, ಇವರಿಗೆ ಮೊದಲಿಂದ ಏದುಸಿರು ಇತ್ತಾ?”

“ಛೇ ಛೇ! ಗೂಳಿ ಇದ್ದಂಗೆ ಇದ್ರು. ಒಂದಿನ ಕೆಮ್ಮಿದವರಲ್ಲ.”

ಅವಳ ಲೆಕ್ಕಾಚಾರ ನನಗೆ ತಿಳಿಯದೆ ಇರಲಿಲ್ಲ. ಹೌದು ಎಂದರೆ ಜಡೆಯ ಬೀಗರು ‘ರೋಗ ಮುಚ್ಚಿಟ್ಟು ಹೆಣ್ಣು ತಂದಿರಿ’ ಎಂದು ತಿರುಗಿಬೀಳುತ್ತಾರೆ. ಸೊಸೆಯ ಮೇಲೆ ಹಾಕಿದರೆ ಯಾವ ತಂಟೆಯೂ ಇಲ್ಲ.

“ಹಂಗಾದ್ರೆ ನಾನು ಬರೆದಿದ್ದೇ ಇರ್ಲಾ ಸಾರ್?” ಎಂದ ಉಜ್ಜಪ್ಪ, ಗೆದ್ದವನಂತೆ.

“ಇತ್ತು.”

ಬಾಗಿಲ ಬಳಿಯಿಂದ ಬಂದ ದನಿ. ಎಲ್ಲರೂ ತಿರುಗಿದೆವು. ಸತ್ಯವತಿ ಸೆರಗು ಬಿಗಿದುಕೊಂಡು ನಿಂತಿದ್ದಳು.

“ನನ್ನನ್ನ ನೋಡಕ್ಕೆ ಬಂದಿದ್ರಲ್ಲ, ಅವತ್ತೇ ಇತ್ತು. ನಮ್ಮನೆ ಜಗಲಿ ಹತ್ತೋ ಅಷ್ಟರಲ್ಲಿ ಮಾವ ಏದುಸಿರು ಬಿಡ್ತಾ ಕೂತುಬಿಟ್ರು. ತಲೆ ಎತ್ತಬೇಡ ಅಂತ ನನಗೆ ಹೇಳಿದ್ರು. ಅದಕ್ಕೆ ನನಗೆ ಕಂಡಿದ್ದು ಬಂದವರ ಕಾಲು ಮಾತ್ರ. ಮಾವನ ಪಾದ ಊದಿಕೊಂಡಿತ್ತು. ಚಪ್ಪಲಿ ಬಿಟ್ಟ ಮೇಲೂ ಪಟ್ಟಿ ಗುರುತು ಗುಳಿಬಿದ್ದು ಹಂಗೇ ಇತ್ತು.”

ಡಾಕ್ಟರು ಮಲ್ಲೇಶಪ್ಪನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಗುಳಿ ಉಳಿಯಿತು.

ರಾಜೇಶ್ವರಮ್ಮನ ಮುಖ ಕೆಂಪಾಯಿತು. “ಕಂಡಿದ್ದೂ ಯಾಕೆ ಒಪ್ಪಿದಿ? ಬಾಯಿರಲಿಲ್ಲೇನು ನಿನಗೆ?”

“ನನ್ನನ್ನ ಯಾರು ಕೇಳಿದ್ರು, ಅತ್ತೆ?”

ಅವಳು ಅಳಲಿಲ್ಲ. ರಾಜೇಶ್ವರಮ್ಮ ಬೆಂಚಿನ ಮೇಲೆ ಕುಸಿದಳು. ಸ್ವಲ್ಪ ಹೊತ್ತಿಗೆ, ಯಾರೂ ಕೇಳದೆಯೇ, ಎರಡು ವರ್ಷದಿಂದ ಗಂಡ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿಯೇ ಮಲಗುತ್ತಿದ್ದುದನ್ನು ಡಾಕ್ಟರಿಗೆ ಹೇಳಿದಳು. ಉಜ್ಜಪ್ಪ ತನ್ನ ಸಾಲನ್ನು ಹೊಡೆದುಹಾಕಿದ. ಸಂಜೆಯ ಬಸ್ಸು ಸತ್ಯವತಿಯಿಲ್ಲದೆ ಜಡೆಗೆ ಹೋಯಿತು. ಮಲ್ಲೇಶಪ್ಪ ಶಿವಮೊಗ್ಗದಲ್ಲಿ ಬದುಕಿಕೊಂಡು, ಕೋಲೂರಿ ನಡೆಯುವಷ್ಟಾಗಿ ಮನೆಗೆ ಬಂದ.

ಅವತ್ತು ಸಂಜೆ ಉಜ್ಜಪ್ಪ ನೇರ ಮನೆಗೆ ನಡೆದ. ಅದೇ ವಾರ ಅವನ ಮಗಳು ಹಾಲಮ್ಮನ ನಿಶ್ಚಯಕ್ಕೆ ಆನವಟ್ಟಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಉಜ್ಜಪ್ಪ ತನ್ನ ಅಣ್ಣನನ್ನು ಕೇಳಿ ಆಗಿತ್ತು, ಸ್ವಾಮಿಗಳನ್ನು ಕೇಳಿ ಆಗಿತ್ತು, ಪಂಚಾಂಗವನ್ನೂ ಕೇಳಿ ಆಗಿತ್ತು.

ಮರುದಿನ ಬೆಳಗ್ಗೆ ದುಸುದುಸು ಎನ್ನುತ್ತ ಬಂದು ಕುರ್ಚಿಯ ಮೇಲೆ ಕುಕ್ಕರಿಸಿದ.

“ಹಾಳಾದ್ದು ನನ್ನ ಬಾಯಿ! ರಾತ್ರಿ ಉಣ್ಣುವಾಗ ಕೇಳಿಬಿಟ್ಟೆ ಸಾಬ್ರೆ, ನಿನಗೆ ಒಪ್ಪಿಗೆ ಏನವ್ವಾ ಅಂತ.”

“ಏನಂದ್ಲು?”

“ಒಲ್ಲೆ ಅಂದ್ಲು!”

“ಈಗೇನು ಮಾಡ್ತೀಯೋ?”

“ಮಾಡೋದೇನು? ಬರಬ್ಯಾಡ್ರಿ ಅಂತ ಆನವಟ್ಟಿಗೆ ಹೇಳಿಕಳಿಸಿ ಬಂದೆ.”

“ಕಾರಣ ಏನಂತ ಹೇಳಿದಿ?”

ಉಜ್ಜಪ್ಪ ಪೆನ್ನು ತೆಗೆದ, ಮತ್ತೆ ಮುಚ್ಚಿದ.

“ಮಗಳು ಒಲ್ಲೆ ಅಂದ್ಲು ಅಂತ ಹೇಳ್ದೆ,” ಎಂದ. “ಬ್ಯಾರೆ ಕಾರಣ ಯಾಕ್ರೀ ಬೇಕು?”